ನೀನೆಲ್ಲಿದ್ದೆ ಅಂತ ಕೇಳಬೇಡಿ

ಒತ್ತೊತ್ತಾಗಿ ಮನೆಗಳಿರುವ ಬೀದಿಯಲ್ಲಿ ಮಗು ಬಿದ್ದ ಸುದ್ದಿಯನ್ನು ಯಾರೂ ಯಾರಿಗೂ ಹೇಳಿಕಳಿಸಬೇಕಾಗಿಲ್ಲ. ಅಳು ಕೇಳಿಸಿದ ಗಳಿಗೆಗೆ ಎಡಮನೆಯ ಅಜ್ಜಿ ಹೂವಿನ ಬುಟ್ಟಿ ಹಿಡಿದೇ ಕಾಂಪೌಂಡಿನ ಹತ್ತಿರ ಬಂದಿರುತ್ತಾರೆ, ಎದುರುಮನೆಯ ಮೇಷ್ಟ್ರು ಪೇಪರು ಮಡಚಿ ಗೇಟಿಗೆ ಕೈಯಿಟ್ಟಿರುತ್ತಾರೆ, ಮಹಡಿ ಮನೆಯವರು ಬಟ್ಟೆ ಒಣಹಾಕುವುದನ್ನು ಅರ್ಧಕ್ಕೆ ಬಿಟ್ಟು ಬಗ್ಗಿ ನೋಡುತ್ತಾರೆ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಈ ಅಭ್ಯಾಸ ಇನ್ನೂ ಉಳಿದಿದೆ. ಉಳಿಯಲಿ. ಹಾಗೆ ಓಡಿ ಬಂದವರ ಬಾಯಿಂದ ಮೊದಲು ಯಾವ ಮಾತು ಬರುತ್ತದೆ ಅನ್ನುವುದರ ಬಗ್ಗೆ ಮಾತ್ರ ನನಗೆ ಸ್ವಲ್ಪ ಹೇಳುವುದಿದೆ. ಬನ್ನಿ, ಗೋಡೆಯ ಈ ಕಡೆ ನೆರಳಿದೆ.

ಸಣ್ಣಪುಟ್ಟ ಪೆಟ್ಟಿಗೆ ನಮ್ಮ ಮನೆಗಳಲ್ಲಿ ಒಳ್ಳೊಳ್ಳೆಯ ಮದ್ದುಗಳಿವೆ. ಮಗು ಹೊಸ್ತಿಲು ಎಡವಿ ಬಿತ್ತು ಅನ್ನಿ. "ಅಯ್ಯೋ, ಇರುವೆ ಸತ್ತೋಯ್ತಲ್ಲೋ!" ಅನ್ನುತ್ತಾರೆ ತಾತ. ಮಗು ಅಳು ನಿಲ್ಲಿಸಿ ಸತ್ತ ಇರುವೆ ಎಲ್ಲಿ ಅಂತ ಹುಡುಕುತ್ತದೆ. ಅಜ್ಜಿ ನೆಲಕ್ಕೆ ಎರಡು ಏಟು ಕೊಟ್ಟು, "ನಮ್ ಪುಟ್ಟೀನ ಬೀಳಿಸ್ತೀಯಾ, ತಗೋ!" ಅನ್ನುತ್ತಾರೆ. ಹಣೆಯಲ್ಲಿ ಬುಗುಟು ಎದ್ದಿದ್ದರೆ ಒದ್ದೆ ಬಟ್ಟೆ ಒತ್ತಿ ಹಿಡಿಯುತ್ತಾರೆ. ಸಂಜೆಗೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾರೆ. ಇದರಲ್ಲೆಲ್ಲ ನನಗೆ ಪ್ರೀತಿಯೇ ಕಾಣುತ್ತದೆ. ನೋವಾದಾಗ ಮನೆಮಂದಿಯೆಲ್ಲ ನನ್ನ ಕಡೆ ಇದ್ದಾರೆ ಅಂತ ಮಗುವಿಗೆ ಗೊತ್ತಾಗುವುದು ಸಣ್ಣ ಮಾತಲ್ಲ.

ಆದರೆ ಪೆಟ್ಟು ದೊಡ್ಡದಾದಾಗ ಅದೇ ಮನೆಮಂದಿ ಬೇರೆಯೇ ಆಗಿಬಿಡುತ್ತಾರೆ. ಈಚೆಗೆ ನಮ್ಮ ಪಕ್ಕದ ಮನೆಯಲ್ಲಿ ಆದದ್ದನ್ನೇ ಕೇಳಿ. ಹುಡುಗಿಗೆ ಇನ್ನೂ ಐದು ತುಂಬಿಲ್ಲ. ಮಳೆ ಅಂತ ಆಟವೆಲ್ಲ ಒಳಗೇ. ನೆಲವೆಲ್ಲ ಸಮುದ್ರ, ದಿವಾನ ಒಂದು ದಡ, ಸೋಫಾ ಇನ್ನೊಂದು ದಡ, ನಡುವೆ ದಿಂಬುಗಳ ಮೇಲೆ ಕಾಲಿಟ್ಟು ದಾಟಬೇಕು. ಟೈಲ್ಸ್ ನೆಲದ ಮೇಲೆ ದಿಂಬು ಜಾರಿತು. ಬೀಳುವಾಗ ಎಡಗೈ ಚಾಚಿ ಊರಿದಳು, ಮೈಭಾರವೆಲ್ಲ ಆ ಕೈ ಮೇಲೆ ಬಿತ್ತು. ಅಮ್ಮ ಹತ್ತು ಹೆಜ್ಜೆ ಆಚೆ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಓಡಿ ಬರುವಷ್ಟರಲ್ಲಿ ಮಗು ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಕೂತಿತ್ತು. ಮುಟ್ಟಲು ಬಿಡಲಿಲ್ಲ. ನೋಡನೋಡುತ್ತ ಮೊಣಕೈ ಊದಿಕೊಂಡಿತು.

ನಾನು ಹೋಗುವ ಹೊತ್ತಿಗೆ ಆ ಹಾಲಿನಲ್ಲಿ ಆರೇಳು ಜನ, ಆರೇಳು ಮಾತು. "ಉಳುಕಿರತ್ತೆ, ಎಣ್ಣೆ ಬಿಸಿ ಮಾಡ್ಕೊಂಡು ಬಾ, ನೀವಿಬಿಡ್ತೀನಿ." "ಏನಿಲ್ಲ, ಪುತ್ತೂರು ಕಟ್ಟು ಹಾಕಿಸ್ಬಿಡಿ." "ಮೊದ್ಲು ಬಾಯಿಗೆ ಚೂರು ಸಕ್ಕರೆ ಹಾಕಿ, ಹಾಲು ಕುಡಿಸಿ, ಮಗು ಹೆದರಿದೆ." ಇವೆಲ್ಲದರ ಮೇಲೆ, ಸ್ಪೀಕರಿಗೆ ಹಾಕಿದ್ದ ಫೋನಿನಿಂದ ಮಗುವಿನ ಅಪ್ಪನ ದನಿ: "ನೀನೆಲ್ಲಿದ್ದೆ?" ಊರಿಂದ ಬಂದಿದ್ದ ಅತ್ತೆಯವರೂ ಅದನ್ನೇ ಇನ್ನೊಂದು ಥರ ಕೇಳಿದರು. ಆ ಹುಡುಗಿ, ಅಂದರೆ ಮಗುವಿನ ಅಮ್ಮ, ಉತ್ತರ ಹೇಳುತ್ತಾ ನಿಂತಳು. ಒಗ್ಗರಣೆ ಹಾಕ್ತಿದ್ದೆ, ಈಗ ತಾನೆ ನೋಡಿ ಬಂದಿದ್ದೆ, ದಿಂಬು ತೆಗೀ ಅಂತ ಹೇಳಿದ್ದೆ. ಮಗು ಅಳುತ್ತಲೇ ಇತ್ತು.

ಈ ಪ್ರಶ್ನೆ ನನಗೆ ಆಗುವುದಿಲ್ಲ. ಕೇಳುವವರಿಗೆ ಕೆಟ್ಟ ಮನಸ್ಸಿರುತ್ತದೆ ಅಂತ ನಾನು ಹೇಳುತ್ತಿಲ್ಲ. ಆ ಅಪ್ಪನೂ ದೂರದ ಆಫೀಸಿನಲ್ಲಿ ಕೂತು ಕೈಕಾಲು ಆಡದೆ ಕೇಳಿದ್ದು. ಆದರೂ ಆ ಗಳಿಗೆಯಲ್ಲಿ ಅದರಿಂದ ಯಾರಿಗೆ ಏನು ಸಿಕ್ಕಿತು? ಮಗುವನ್ನು ನೋಡಬೇಕಾದವಳು ತನ್ನ ಪರವಾಗಿ ಸಾಕ್ಷಿ ಹೇಳುವವಳಾದಳು. ಐದು ವರ್ಷದ ಮಗು ಕಣ್ಣಳತೆಯಲ್ಲಿದ್ದರೂ ಬೀಳುತ್ತದೆ, ಮಡಿಲಿನಿಂದಲೂ ಬೀಳುತ್ತದೆ. ಎಲ್ಲ ತಾಯಂದಿರೂ ಎಲ್ಲ ತಂದೆಯರೂ ಆ ಪ್ರಶ್ನೆಯನ್ನು ತಮಗೆ ತಾವೇ ಆಗಲೇ ಕೇಳಿಕೊಂಡಿರುತ್ತಾರೆ, ರಾತ್ರಿ ಮಗು ಮಲಗಿದ ಮೇಲೆ ಮತ್ತೆ ಕೇಳಿಕೊಳ್ಳುತ್ತಾರೆ. ಹೊರಗಿನಿಂದ ಇನ್ನೊಬ್ಬರು ನೆನಪಿಸಬೇಕಾದ ಅಗತ್ಯವೇ ಇಲ್ಲ.

ಆ ಮೊಣಕೈ ನೋಡಿದ ಕೂಡಲೇ ನನಗೆ ಅನುಮಾನ ಬಂದಿತ್ತು. ನಮ್ಮ ಮಗನಿಗೂ ಚಿಕ್ಕಂದಿನಲ್ಲಿ ಅದೇ ಮೂಳೆ ಮುರಿದಿತ್ತು. ತೋಳಿನ ಮೂಳೆ ಮೊಣಕೈಗೆ ಸೇರುವ ಸ್ವಲ್ಪ ಮೇಲೆ, ಅಗಲವಾಗಿ ತೆಳ್ಳಗಾಗುವ ಜಾಗ. ಮಕ್ಕಳ ಮೊಣಕೈ ಹತ್ತಿರದ ಮುರಿತಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ. ಐದರಿಂದ ಏಳು ವರ್ಷದ ಮಕ್ಕಳಲ್ಲಿ ಬಹಳ. ಕಾರಣವೂ ಹೆಚ್ಚುಕಡಿಮೆ ಒಂದೇ, ಕೈ ಚಾಚಿ ಬೀಳುವುದು. ಡಾಕ್ಟರುಗಳು ಇದಕ್ಕೆ ಸುಪ್ರಾಕಾಂಡೈಲರ್ ಫ್ರಾಕ್ಚರ್ ಅನ್ನುತ್ತಾರೆ. ಆ ಮೂಳೆಯ ಮುಂದುಗಡೆಯೇ ಕೈಗೆ ರಕ್ತ ಒಯ್ಯುವ ದೊಡ್ಡ ನಾಳ ಹೋಗುತ್ತದೆ, ಪಕ್ಕದಲ್ಲೇ ಬೆರಳುಗಳಿಗೆ ಹೋಗುವ ನರವೂ ಇದೆ. ಮುರಿದ ತುದಿ ಅಲುಗಿದರೆ ಅವಕ್ಕೆ ಚುಚ್ಚಬಹುದು. ಎಣ್ಣೆ ಹಚ್ಚಿ ನೀವುವುದು, ಎಳೆದು ನೆಟ್ಟಗೆ ಮಾಡುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಕೂಡದು ಅನ್ನುವುದು ಇದಕ್ಕೇ.

ಬಿಗಿ ಕಟ್ಟಿನ ವಿಷಯ ಬಂತಲ್ಲ, ಒಂದು ಮಾತು ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ ರಿಚರ್ಡ್ ಫಾನ್ ಫೋಲ್ಕ್‌ಮನ್ ಅಂತ ಒಬ್ಬ ಸರ್ಜನ್ ಇದ್ದರು. ಊದಿದ ಕೈಯನ್ನು ಬಿಗಿದು ಕಟ್ಟಿದರೆ ಒಳಗೆ ರಕ್ತ ಓಡಾಡದೆ ಮಾಂಸಖಂಡ ಸಾಯುತ್ತದೆ, ಆಮೇಲೆ ಬೆರಳು ಮಡಚಿಕೊಂಡು ಕೈ ಶಾಶ್ವತವಾಗಿ ಸೊಟ್ಟಗಾಗುತ್ತದೆ ಅನ್ನುವುದನ್ನು ಅವರು 1881ರಲ್ಲಿ ಬರೆದರು. ಇವತ್ತಿಗೂ ಆ ತೊಂದರೆಗೆ ಅವರದೇ ಹೆಸರು. ಆ ಡಾಕ್ಟರು ಮಕ್ಕಳ ಕತೆಗಾರರೂ ಹೌದು. ಜರ್ಮನಿಗೂ ಫ್ರಾನ್ಸಿಗೂ ಯುದ್ಧವಾದಾಗ ಸೇನೆಯ ಜೊತೆ ಇದ್ದುಕೊಂಡು ಕಿನ್ನರ ಕತೆಗಳನ್ನು ಬರೆದರು, 1871ರಲ್ಲಿ ಅವು ರಿಚರ್ಡ್ ಲಿಯಾಂಡರ್ ಅನ್ನುವ ಹೆಸರಿನಲ್ಲಿ ಪುಸ್ತಕವಾದವು. ಮಕ್ಕಳಿಗೆ ಕತೆ ಹೇಳುತ್ತಿದ್ದ ಕೈಯೇ ಕೈಯನ್ನು ಬಿಗಿದು ಕಟ್ಟಬೇಡಿ ಅಂತಲೂ ಬರೆಯಿತು ಅನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ. ಇದು ಪುತ್ತೂರು ಕಟ್ಟಿನಂಥ ನಾಟಿ ಕಟ್ಟಿಗೆ ಮಾತ್ರ ಹೇಳಿದ್ದಲ್ಲ. ಆಸ್ಪತ್ರೆಯಲ್ಲಿ ಹಾಕಿದ ಪ್ಲಾಸ್ಟರ್ ಕೂಡ ಊತ ಏರಿದರೆ ಬಿಗಿಯಾಗುತ್ತದೆ. ಬೆರಳು ಬಿಳಚಿಕೊಂಡರೆ, ನೀಲಿಗಟ್ಟಿದರೆ, ತಣ್ಣಗಾದರೆ, ಜೋಮು ಹಿಡಿದರೆ, ಮಡಚಿದ ಬೆರಳನ್ನು ಮೆಲ್ಲಗೆ ಬಿಡಿಸಿದಾಗ ಮಗು ಚೀರಿದರೆ, ನೋವಿನ ಔಷಧಿ ಕೊಟ್ಟರೂ ನೋವು ಏರುತ್ತಲೇ ಇದ್ದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಬೇಕು. ಬೆಳಗಾಗಲಿ ಅಂತ ಕಾಯುವಂತಿಲ್ಲ.

ಹಾಗಾದರೆ ಮನೆಯಲ್ಲಿ ಮಾಡಬೇಕಾದ್ದೇನು? ಸ್ವಲ್ಪವೇ. ಕೈ ಹೇಗಿದೆಯೋ ಹಾಗೇ ಇರಲಿ ಅಂತ ಬಿಟ್ಟೆವು. ಮೇಷ್ಟ್ರ ಕೈಯಲ್ಲಿದ್ದ ಪೇಪರನ್ನೇ ದಪ್ಪಗೆ ಮಡಚಿ ಕೈಯ ಕೆಳಗಿಟ್ಟು, ಅಮ್ಮನ ದುಪಟ್ಟಾದಿಂದ ಸಡಿಲವಾಗಿ ಕೊರಳಿಗೆ ತೂಗುಹಾಕಿದೆವು. ಮಣಿಕಟ್ಟಿನಲ್ಲಿ ಬೆಳ್ಳಿ ಕಡಗ ಇತ್ತು, ಸೋಪಿನ ನೀರು ಹಚ್ಚಿ ಮೊದಲು ಅದನ್ನು ತೆಗೆದದ್ದು. ಊತ ಮಣಿಕಟ್ಟಿನವರೆಗೂ ಹರಡಿದ ಮೇಲೆ ಅದು ಬರುವುದಿಲ್ಲ, ಆಮೇಲೆ ಕತ್ತರಿಸಬೇಕಾಗುತ್ತದೆ. ಹೆಣ್ಣುಮಕ್ಕಳ ಕೈಯಲ್ಲಿ ಬಳೆ, ಉಂಗುರ ಇದ್ದೇ ಇರುತ್ತವೆ, ಇದನ್ನು ಮರೆಯಬೇಡಿ. ಇನ್ನು ಆ ಹಾಲು, ಸಕ್ಕರೆ. ಕೊಡಲು ಬಂದವರ ಲೋಟವನ್ನು ನಾನೇ ತೆಗೆದಿಟ್ಟೆ. ಮೂಳೆ ಕೂರಿಸಬೇಕಾಗಿ ಬಂದರೆ ಮತ್ತು ಬರಿಸಬೇಕು, ಅದಕ್ಕೆ ಹೊಟ್ಟೆ ಖಾಲಿ ಇರಬೇಕು. ಊಟ ತಿಂಡಿಯಾಗಿ ಆರು ಗಂಟೆ ಕಳೆದಿರಬೇಕು ಅನ್ನುತ್ತಾರೆ. ಪ್ರೀತಿಯಿಂದ ಕುಡಿಸಿದ ಒಂದು ಲೋಟ ಹಾಲಿನಿಂದ ಮಗು ಗಂಟೆಗಟ್ಟಲೆ ನೋವಿನಲ್ಲಿ ಕಾಯುವ ಹಾಗಾಗುತ್ತದೆ.

ಮಗುವನ್ನು ಎತ್ತಿಕೊಂಡು ಆಟೋ ಹತ್ತುವ ಮೊದಲು ಅವಳು ಒಂದು ಸಲ ತಿರುಗಿ, "ಆಂಟಿ, ನನ್ನಿಂದಾನೇ ಆಯ್ತಾ?" ಅಂದಳು. "ಇಲ್ಲಮ್ಮ, ದಿಂಬು ಜಾರಿದ್ದರಿಂದ ಆಯ್ತು. ನೀನು ಅವಳ ಮುಖ ನೋಡ್ಕೊಂಡು ಮಾತಾಡ್ತಿರು ಸಾಕು," ಅಂದೆ. ಸುಳ್ಳು ಸಮಾಧಾನ ಹೇಳಿದ್ದಲ್ಲ. ಮಗು ಅಮ್ಮನ ಮುಖವನ್ನೇ ನೋಡುತ್ತಿರುತ್ತದೆ. ಅಲ್ಲಿ ಗಾಬರಿ ಕಂಡರೆ ನೋವು ಎರಡರಷ್ಟಾಗುತ್ತದೆ, ಅಲ್ಲಿ ಸ್ಥಿಮಿತ ಕಂಡರೆ ಡಾಕ್ಟರು ಬೆರಳು ಆಡಿಸಲು ಹೇಳಿದಾಗ ಆಡಿಸುತ್ತದೆ. ಅಮ್ಮನ ಮುಖದಲ್ಲಿ ಆ ಸ್ಥಿಮಿತ ಉಳಿಸುವುದು ಸುತ್ತ ನಿಂತವರ ಕೆಲಸ.

ನೆರೆಯವರಾಗಿ ಅವತ್ತು ನಾವು ಮಾಡಿದ್ದು ಏನೇನೂ ದೊಡ್ಡದಲ್ಲ. ಅಜ್ಜಿ ಸಾರು ಇಳಿಸಿ ಗ್ಯಾಸ್ ಆರಿಸಿದರು. ಮೇಷ್ಟ್ರು ಜೊತೆಗೆ ಆಟೋದಲ್ಲಿ ಹೋದರು. ಆ ಮನೆಯಲ್ಲಿದ್ದ ಇನ್ನೊಂದು ಕೈಕೂಸನ್ನು ನಾನು ನಮ್ಮ ಮನೆಗೆ ಎತ್ತಿಕೊಂಡು ಬಂದೆ. ಮಹಡಿ ಮನೆಯವರು ಮಗುವಿನ ಲಸಿಕೆ ಪುಸ್ತಕ, ಆಧಾರ್ ಕಾರ್ಡು, ಚಾರ್ಜರು, ಒಂದು ಬದಲಿ ಬಟ್ಟೆ ಚೀಲಕ್ಕೆ ತುಂಬಿ ಕಳಿಸಿದರು. ಆಟೋ ಸಿಗದ ಊರಿನಲ್ಲಿ, ಅಥವಾ ಪೆಟ್ಟು ಇನ್ನೂ ಜೋರಾಗಿದ್ದರೆ 108ಕ್ಕೆ ಫೋನ್ ಮಾಡಬೇಕು. ಕರ್ನಾಟಕದಲ್ಲಿ ಆರೋಗ್ಯ ಕವಚ ಅನ್ನುವ ಹೆಸರಿನಲ್ಲಿ 2008ರಿಂದ ಅದು ಇದೆ, ದುಡ್ಡು ಕೊಡಬೇಕಾಗಿಲ್ಲ.

ಎಕ್ಸ್‌ರೇಯಲ್ಲಿ ಅನುಮಾನ ನಿಜವಾಯಿತು. ಮೂಳೆ ಜರುಗಿತ್ತು. ಮತ್ತು ಬರಿಸಿ, ಜಾಗಕ್ಕೆ ಕೂರಿಸಿ, ಅಲುಗದ ಹಾಗೆ ಸಣ್ಣ ಕಂಬಿಗಳನ್ನು ಹಾಕಿ ಸ್ಲ್ಯಾಬ್ ಕಟ್ಟಿದರು. ಆ ಕಂಬಿಗಳಿಗೆ ಕೆ-ವೈರ್ ಅನ್ನುತ್ತಾರೆ. ಕಂಬಿ ಅಂದ ಕೂಡಲೇ ಮನೆಯವರೆಲ್ಲ ನಡುಗಿಹೋದರು. ಆದರೆ ಇದು ಮಕ್ಕಳ ಮೂಳೆ ಡಾಕ್ಟರುಗಳು ದಿನಾ ಮಾಡುವ ಕೆಲಸ. ಮಕ್ಕಳ ಮೂಳೆ ಬೇಗ ಕೂಡುತ್ತದೆ, ಮೂರು ನಾಲ್ಕು ವಾರಕ್ಕೆ ಕಂಬಿ ತೆಗೆಯುತ್ತಾರೆ. ಮೂಳೆ ಜರುಗದೆ ಬರೀ ಸೀಳು ಬಿಟ್ಟಿದ್ದರೆ ಕಂಬಿಯೂ ಬೇಕಾಗುವುದಿಲ್ಲ, ಸುಮಾರು ಮೂರು ವಾರದ ಕಟ್ಟು ಸಾಕು.

ಗೋಡೆ ಹತ್ತಿರ ಈ ಕತೆ ಹೇಳುತ್ತಿದ್ದಾಗ ಮಹಡಿ ಮನೆಯವರು, "ನಮ್ಮ ಅಣ್ಣನ ಮಗೂಗೆ ಡಾಕ್ಟ್ರು ಕೈ ಹಿಂಗೊಂದ್ಸಲ ತಿರುಗಿಸಿದ್ರು, ಸರಿಹೋಯ್ತಲ್ಲ" ಅಂದರು. ಅದೂ ನಿಜ, ಆದರೆ ಅದು ಬೇರೆ. ಒಂದರಿಂದ ನಾಲ್ಕು ವರ್ಷದ ಮಗುವನ್ನು ಎರಡೂ ಮುಂಗೈ ಹಿಡಿದು ಗಿರಗಿರ ತಿರುಗಿಸುವ ಆಟವಿದೆಯಲ್ಲ, ಸೋದರಮಾವಂದಿರಿಗೆ ಬಲು ಇಷ್ಟದ್ದು, ಅದರಲ್ಲಿ ಮೊಣಕೈಯ ಒಂದು ಮೂಳೆಯ ತಲೆ ತನ್ನ ಸುತ್ತಿನ ಪಟ್ಟಿಯಿಂದ ಸ್ವಲ್ಪ ಜಾರುತ್ತದೆ. ಊತ ಇರುವುದಿಲ್ಲ, ಮಗು ಆ ಕೈಯನ್ನು ಜೋತುಬಿಟ್ಟು ಸುಮ್ಮನೆ ಕೂರುತ್ತದೆ. ಗೊತ್ತಿದ್ದ ಡಾಕ್ಟರು ಒಂದು ಸಲ ತಿರುಗಿಸಿ ಕೂರಿಸಿದರೆ ಸ್ವಲ್ಪ ಹೊತ್ತಿಗೆಲ್ಲ ಅದೇ ಕೈಯಲ್ಲಿ ಬಿಸ್ಕತ್ತು ಇಸಿದುಕೊಳ್ಳುತ್ತದೆ. ಇದನ್ನು ನೋಡಿದವರು ಎಲ್ಲ ಮೊಣಕೈಯನ್ನೂ ತಿರುಗಿಸಲು ಹೋಗುತ್ತಾರೆ, ಅಲ್ಲೇ ಅನಾಹುತ. ಬಿದ್ದ ಕೈಯನ್ನು, ಊದಿದ ಕೈಯನ್ನು ಯಾರೂ ತಿರುಗಿಸಬಾರದು. ಎತ್ತಿ ಆಡಿಸುವ ಆಸೆಯಿದ್ದರೆ ಕಂಕುಳಿಗೆ ಕೈಕೊಟ್ಟು ಎತ್ತಿ.

ಅಜ್ಜಿಯ ಚಿಂತೆ ತಲೆಯದು. "ಕೈ ಹೋಗ್ಲಿ, ತಲೆಗೇನಾದ್ರೂ ಆಗಿದ್ರೆ? ನಿದ್ದೆ ಮಾಡಕ್ಕೆ ಬಿಡಬಾರ್ದು ಅಲ್ವೇನಮ್ಮ?" ಈ ಹೆದರಿಕೆ ನಮ್ಮ ಎಲ್ಲ ಮನೆಗಳಲ್ಲೂ ಇದೆ. ತಲೆಗೆ ಪೆಟ್ಟಾದ ಮಗು ಅತ್ತು, ಸುಧಾರಿಸಿಕೊಂಡು, ಮೊದಲಿನ ಹಾಗೆ ಮಾತಾಡಿ ಆಡುತ್ತಿದ್ದರೆ ಅದರ ನಿದ್ದೆಯ ಹೊತ್ತಿಗೆ ಮಲಗಬಹುದು. ನಡುನಡುವೆ ಮುಟ್ಟಿ ನೋಡಿ, ಎಂದಿನ ಹಾಗೆ ಮುಲುಗಿ ಮಗ್ಗುಲು ಬದಲಿಸಿದರೆ ಸರಿ. ಬಿದ್ದ ತಕ್ಷಣ ಎಚ್ಚರ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೆ ಏಳದಿದ್ದರೆ, ಫಿಟ್ಸ್ ಬಂದರೆ, ಮೂಗಿನಿಂದಲೋ ಕಿವಿಯಿಂದಲೋ ನೀರಿನಂಥದ್ದು ಸುರಿದರೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಇನ್ನೊಂದು ಚಿಕ್ಕದಾಗಿ ಕಂಡರೆ ಒಂದು ನಿಮಿಷವೂ ತಡಮಾಡಬಾರದು. ವರ್ಷ ತುಂಬದ ಕೂಸು ಮಂಚದಿಂದ ಬಿದ್ದಿದ್ದರೆ ಮೇಲೆ ಏನೂ ಕಾಣದಿದ್ದರೂ ಒಮ್ಮೆ ತೋರಿಸಿಬಿಡುವುದೇ ಒಳ್ಳೆಯದು. ಹಣೆ, ನೆತ್ತಿ ಒಡೆದರೆ ರಕ್ತ ಧಾರಾಳವಾಗಿ ಬರುತ್ತದೆ, ಅಲ್ಲಿ ರಕ್ತನಾಳಗಳು ಹೆಚ್ಚು. ನೋಡಿ ತಲೆ ತಿರುಗಿ ಬೀಳಬೇಡಿ. ಒಗೆದ ಬಟ್ಟೆ ಒತ್ತಿ ಹಿಡಿದು, ನಿಂತಿತಾ ಅಂತ ಕ್ಷಣಕ್ಷಣಕ್ಕೂ ತೆಗೆದು ನೋಡದೆ ಹತ್ತು ನಿಮಿಷ ಬಿಡದಿದ್ದರೆ ಬಹಳ ಸಲ ನಿಲ್ಲುತ್ತದೆ. ಕಾಫಿಪುಡಿ ತುಂಬಬೇಡಿ. ಹೊಲಿಗೆ ಹಾಕುವವರು ಅದನ್ನೆಲ್ಲ ಮತ್ತೆ ಉಜ್ಜಿ ತೆಗೆಯಬೇಕು, ಆ ನೋವೂ ಮಗುವಿಗೇ.

ಆಸ್ಪತ್ರೆಯಿಂದ ಬಂದ ಮೇಲಿನ ದಿನಗಳು ಇನ್ನೊಂದು ಥರ ಕಷ್ಟ. ಮೊದಲ ಕೆಲವು ದಿನ ಕೈಯನ್ನು ದಿಂಬಿನ ಮೇಲೆ ಎದೆಗಿಂತ ಎತ್ತರದಲ್ಲಿಡಬೇಕು, ಬೆರಳು ಆಡಿಸುತ್ತಿರಬೇಕು. ಸ್ನಾನಕ್ಕೆ ಪ್ಲಾಸ್ಟಿಕ್ ಕವರು ಸುತ್ತಬೇಕು. ಕಟ್ಟಿನೊಳಗೆ ಕಡಿತ ಬರುತ್ತದೆ, ಮಗು ಸ್ಕೇಲು ತೂರಿಸಲು ನೋಡುತ್ತದೆ. ಚರ್ಮ ಗೀರಿ ಹುಣ್ಣಾಗುತ್ತದೆ, ಬಿಡಬಾರದು. ಇದೆಲ್ಲ ಹೇಗೋ ನಡೆಯುತ್ತದೆ. ಸುಮ್ಮನಾಗದಿರುವುದು ಅಮ್ಮನ ಮನಸ್ಸು. ಪಕ್ಕದ ಮನೆಯ ಹುಡುಗಿ ಬಟ್ಟೆ ಒಣಹಾಕಲು ಬಂದಾಗೆಲ್ಲ ಗೋಡೆ ಹತ್ತಿರ ನಿಂತು ಅದೇ ಗಳಿಗೆಯನ್ನು ಮತ್ತೆ ಹೇಳುತ್ತಿದ್ದಳು. ದಿಂಬು, ಒಗ್ಗರಣೆ, ಸದ್ದು. ನಾನು ಕೇಳಿಸಿಕೊಳ್ಳುತ್ತಿದ್ದೆ. ಮರೆತುಬಿಡು ಅನ್ನಲಿಲ್ಲ, ಮರೆಯುವಂಥದ್ದಲ್ಲ. ಹೇಳಿ ಹೇಳಿ ಒಂದು ದಿನ ಅದರ ಕಾವು ಇಳಿಯುತ್ತದೆ. ಅವಳ ಗಂಡನೂ ಒಂದು ಭಾನುವಾರ ಅದೇ ಗೋಡೆಗೆ ಕೈಯೂರಿ, "ಆವತ್ತು ಹಾಗೆ ಕೇಳ್ಬಾರ್ದಿತ್ತು ಆಂಟಿ" ಅಂದರು. "ನಂಗ್ಯಾಕೆ ಹೇಳ್ತೀರಪ್ಪ, ಅವಳಿಗೆ ಹೇಳಿ" ಅಂದೆ. ಹೇಳಿದರಂತೆ.

ಇನ್ನೊಂದು ಹೆದರಿಕೆ ನನಗೆ ಈಗ ಕಾಣುತ್ತಿದೆ. ಮಗು ಇನ್ನು ಹಾರಬಾರದು, ಓಡಬಾರದು, ಟಿವಿ ಮುಂದೆ ಕೂತಿದ್ದರೆ ಕ್ಷೇಮ ಅನ್ನುವ ತೀರ್ಮಾನಕ್ಕೆ ಮನೆಯವರು ಬರುತ್ತಿದ್ದಾರೆ. ಇದು ತಪ್ಪು. ಜಾರುವ ದಿಂಬಿನ ಬದಲು ದಪ್ಪ ಜಮಖಾನ ಹಾಸಿ, ದಿವಾನವನ್ನು ಗಾಜಿನ ಟೀಪಾಯಿಯಿಂದ ದೂರ ಎಳೆದಿಡಿ, ಒದ್ದೆ ನೆಲ ಒರೆಸಿ, ಬಾಗಿಲ ಸಂದಿಗೆ ಬಟ್ಟೆ ಕೊಡಿ, ಕಿಟಕಿ ಪಕ್ಕ ಹತ್ತಲು ಆಗುವಂಥದ್ದೇನೂ ಇಡಬೇಡಿ. ಅಷ್ಟು ಮಾಡಿ ಸಮುದ್ರವನ್ನು ದಾಟಲು ಬಿಡಿ. ಹಾರದ ಮಗು ಬೀಳುವುದನ್ನೂ ಕಲಿಯುವುದಿಲ್ಲ.

ಮೊನ್ನೆ ಕಂಬಿ ತೆಗೆದರು. ಕೈ ಸ್ವಲ್ಪ ಬಿಗಿದುಕೊಂಡಿದೆ, ಪೂರ್ತಿ ಚಾಚಲು ಆಗುತ್ತಿಲ್ಲ. ಅಜ್ಜಿ ಮತ್ತೆ ಎಣ್ಣೆ ಬಟ್ಟಲು ಹಿಡಿದು ಬಂದಿದ್ದಾರೆ, ಕಾಳಜಿಯಿಂದಲೇ. ಮೊಣಕೈ ಮುರಿದು ಕೂಡಿದ ಮೇಲೆ ಅಲ್ಲಿ ತಿಕ್ಕಿ ನೀವಿದರೆ, ಬಲವಂತವಾಗಿ ಎಳೆದರೆ ಮಾಂಸದೊಳಗೆ ಮೂಳೆ ಬೆಳೆದು ಕೈ ಇನ್ನೂ ಬಿಗಿಯಬಹುದು. ಮಗು ತಾನೇ ಆಡುತ್ತಾ, ಬಟ್ಟೆ ಹಾಕಿಕೊಳ್ಳುತ್ತಾ, ತಟ್ಟೆ ಎಳೆದುಕೊಳ್ಳುತ್ತಾ ಇದ್ದರೆ ಕೆಲವು ವಾರ, ತಿಂಗಳುಗಳಲ್ಲಿ ಬಹುಪಾಲು ಮಕ್ಕಳಿಗೆ ಕೈ ಮೊದಲಿನಂತೆ ಆಡುತ್ತದೆ. ಬೇಕಾದರೆ ಡಾಕ್ಟರೇ ವ್ಯಾಯಾಮ ಹೇಳಿಕೊಡುತ್ತಾರೆ. ಆದ್ದರಿಂದ ಊರಿನ ಎಲ್ಲ ಅಜ್ಜಿಯರಲ್ಲಿ ನನ್ನದೊಂದು ಬೇಡಿಕೆ: ಆ ಎಣ್ಣೆ ಬಟ್ಟಲು ಕಪಾಟಿನಲ್ಲೇ ಇರಲಿ. ಅದರ ಬದಲು ಆ ಅಮ್ಮನಿಗೆ ಒಂದು ಹೊತ್ತಿನ ಸಾರು, ಪಲ್ಯ ಕಳಿಸಿಕೊಡಿ.